ಸಮುದಾಯ ಭವನದಲ್ಲಿ ಒಂದೇ ತಿಂಗಳಿಗೆ ನಾಲ್ಕು ಕಾರ್ಯಕ್ರಮ: ಹೇಗೆ ಹೊಂದಿಸುವುದು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಊರಿನ ಭವನದಲ್ಲಿ ಮುಂದಿನ ತಿಂಗಳು ಮಕ್ಕಳ ನಾಟಕ, ಮದುವೆ, ರಕ್ತದಾನ ಶಿಬಿರ, ಹಿರಿಯರ ಸಂಜೆಕೂಟ ಇವೆ. ನಾಟಕಕ್ಕೂ ಮದುವೆಗೂ ನಡುವೆ ಒಂದೇ ರಾತ್ರಿ. 150 ಕುರ್ಚಿ, ಒಂದು ಮೈಕ್ ಸೆಟ್ ಇದೆ. ಎಲ್ಲಿ ಎಡವಟ್ಟಾಗಬಹುದು?

ಉತ್ತರ 1:
ಎಡವಟ್ಟಾಗುವುದು ಹಿಂದುಮುಂದಿನ ಗಂಟೆಗಳಲ್ಲಿ. ಪುಸ್ತಕದಲ್ಲಿ ‘ಸಂಜೆ 6ರಿಂದ 9’ ಎಂದಷ್ಟೇ ಬರೆದರೆ ಸಾಲದು, ಬೀಗದ ಕೈ ಕೊಡುವ ಮತ್ತು ವಾಪಸ್ ಪಡೆಯುವ ಹೊತ್ತನ್ನೂ ಬರೆಯಿರಿ. ನಾಟಕದವರು ಪರದೆ ಬಿಚ್ಚಿ, ಗುಡಿಸಿ, ಕುರ್ಚಿ ಎಣಿಸಿ ಒಪ್ಪಿಸುವುದಕ್ಕೇ ಎರಡು ಗಂಟೆ ಬೇಕು. ಪುಸ್ತಕ ಒಬ್ಬರ ಕೈಯಲ್ಲೇ ಇರಲಿ. ಇಬ್ಬರು ಬರೆದುಕೊಂಡರೆ ಒಂದೇ ದಿನ ಎರಡು ಬುಕಿಂಗ್ ಆಗುವುದು ಖಂಡಿತ.

ಉತ್ತರ 2:
ವಿದ್ಯುತ್ ಲೋಡ್ ಮೊದಲೇ ಕೂಡಿ ನೋಡಿ. 230 ವೋಲ್ಟ್‌ನಲ್ಲಿ 16 ಆಂಪಿಯರ್ ಲೈನ್ ಎಳೆಯುವುದು ಸುಮಾರು 3,600 ವಾಟ್. ಸಾವಿರ ವಾಟ್‌ನ ಎರಡು ರಂಗದೀಪ, ಅದೇ ಲೈನಿಗೆ 2,000 ವಾಟ್‌ನ ಕೆಟಲ್ ಹಾಕಿದರೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಕರೆಂಟ್ ಕಡಿಯುವ ಸ್ವಿಚ್) ಬೀಳಬಹುದು, ಅದೂ ನಾಟಕದ ನಡುವೆ. ರೀಲ್ ವೈರನ್ನು ಪೂರ್ತಿ ಬಿಚ್ಚಿ ಬಳಸಿ. ಸುತ್ತಿದಂತೆಯೇ ಬಿಟ್ಟರೆ ಒಳಸುತ್ತು ಬಿಸಿಯಾಗಿ ಹೊದಿಕೆ ಮೆತ್ತಗಾಗುತ್ತದೆ. ಸ್ಪೀಕರ್ ಮೈಕ್‌ಗಿಂತ ಮುಂದಿರಲಿ, ಹಿಂದಿದ್ದರೆ ಕೀರಲು ಸದ್ದು ತಪ್ಪದು.

ಉತ್ತರ 3:
ಹಿರಿಯರಿಗೆ ಕೈಯಿರುವ ಕುರ್ಚಿ ಕೊಡಿ, ಎದ್ದೇಳಲು ಆಸರೆ ಬೇಕು. ನಡುದಾರಿ ನಾಲ್ಕು ಅಡಿ ಬಿಡಿ. ರಕ್ತದಾನಕ್ಕೆ ಬಾಗಿಲು ಎರಡು ಬೇಕು: ಒಂದರಲ್ಲಿ ನೋಂದಣಿ, ಇನ್ನೊಂದರ ಬಳಿ ವಿಶ್ರಾಂತಿ. ಕೊಟ್ಟವರು ತಕ್ಷಣ ಎದ್ದು ಹೊರಟರೆ ತಲೆ ಸುತ್ತಬಹುದು, ಹತ್ತು ಹದಿನೈದು ನಿಮಿಷ ಅಲ್ಲೇ ಕೂರಿಸಿ.