ವಿಮಾನದ ‘ಸ್ಟಾಲ್’ಗೆ ‘ರೆಕ್ಕೆ ಸೋಲು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ವಿರಾಜಪೇಟೆಯ ನಮ್ಮ ಕಾಲೇಜು ಹುಡುಗರ ಓದಿಗೆಂದು ವಿಮಾನ ಅಪಘಾತಗಳ ಕುರಿತು ಒಂದು ಬರಹ ಸಿದ್ಧಮಾಡುತ್ತಿದ್ದೇನೆ. ಅದರಲ್ಲೊಂದು ಪ್ರಕರಣ ಅಮೆರಿಕದ್ದು. ಹವ್ಯಾಸಿಯೊಬ್ಬರು ತಾವೇ ಕಟ್ಟಿಕೊಂಡಿದ್ದ ಪುಟ್ಟ ಕಸರತ್ತಿನ ವಿಮಾನ ತೀರ ಕೆಳಗೆ ತಿರುಗುವಾಗ ‘ಸ್ಟಾಲ್’ ಆಗಿ, ಗಿರಕಿ ಹೊಡೆಯುತ್ತ ನೆಲಕ್ಕೆ ಬಿತ್ತು. ಹಾರಿಸುತ್ತಿದ್ದವರು ಉಳಿಯಲಿಲ್ಲ. ‘ಎಂಜಿನ್ ಬಂದ್ ಆಗಿ ವಿಮಾನ ಬಿತ್ತು’ ಎಂದು ಬರೆದಿದ್ದೆ. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದ ನಮ್ಮ ಚಿಕ್ಕಪ್ಪ ಓದಿದವರೇ, “ಎಂಜಿನ್ ಕೊನೇವರೆಗೂ ಓಡ್ತಾನೇ ಇತ್ತಲ್ಲ ಮಗಾ, ಇದು ತಪ್ಪು” ಎಂದರು.

ತಪ್ಪು ಎಲ್ಲಿಂದ ಬಂತೆಂದು ಆಮೇಲೆ ತಿಳಿಯಿತು. ಮಾಂದಲ್‌ಪಟ್ಟಿಯ ಏರಿನಲ್ಲಿ ಜೀಪು ನಿಂತುಹೋದರೆ ನಾವು ‘ಆಫ್ ಆಯ್ತು’ ಅನ್ನುತ್ತೇವೆ. ಇಂಗ್ಲಿಷಿನವರು ಅದಕ್ಕೂ ಸ್ಟಾಲ್ ಅನ್ನುತ್ತಾರೆ, ವಿಮಾನದ ರೆಕ್ಕೆಗೆ ಆಗುವುದಕ್ಕೂ ಸ್ಟಾಲ್ ಅನ್ನುತ್ತಾರೆ. ಎರಡಕ್ಕೂ ಸಂಬಂಧವೇ ಇಲ್ಲ.

ಚಿಕ್ಕಪ್ಪ ವಿವರಿಸಿದ್ದು ಹೀಗೆ. ಓಡುವ ಜೀಪಿನ ಕಿಟಕಿಯಿಂದ ಅಂಗೈ ಚಾಚಿ, ಮುಂದಿನ ಅಂಚನ್ನು ಸ್ವಲ್ಪ ಮೇಲೆತ್ತಿದರೆ ಗಾಳಿ ಕೈಯನ್ನು ಎತ್ತುತ್ತದೆ. ಇನ್ನೂ ಎತ್ತುತ್ತ ಹೋದರೆ ಒಂದು ಹಂತದಲ್ಲಿ ಎತ್ತುವುದು ನಿಂತು ಕೈ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ. ರೆಕ್ಕೆಗೂ ಹಾಗೇ. ಎದುರು ಬರುವ ಗಾಳಿಗೆ ಅದು ಸುಮಾರು 15 ಡಿಗ್ರಿಗಿಂತ ಹೆಚ್ಚು ಓರೆಯಾದರೆ ಮೇಲ್ಮೈಗೆ ಅಂಟಿ ಹರಿಯುತ್ತಿದ್ದ ಗಾಳಿ ಕಿತ್ತುಕೊಂಡು ಚದುರುತ್ತದೆ, ಎತ್ತುವ ಬಲ ಕುಸಿಯುತ್ತದೆ. ಎಂಜಿನ್ ಪೂರ್ತಿ ಓಡುತ್ತಿದ್ದರೂ ಆಗುತ್ತದೆ. 60 ಡಿಗ್ರಿ ವಾಲಿಸಿ ಎತ್ತರ ಬಿಡದೆ ತಿರುಗಿಸಿದರೆ ರೆಕ್ಕೆಯ ಮೇಲಿನ ಹೊರೆ ಎರಡರಷ್ಟಾಗುವುದರಿಂದ, ಸ್ಟಾಲ್ ಆಗದಿರಲು ನೇರ ಹಾರಾಟದಲ್ಲಿ ಸಾಕಾಗುತ್ತಿದ್ದ ಕನಿಷ್ಠ ವೇಗ ಸುಮಾರು 40 ಪ್ರತಿಶತ ಹೆಚ್ಚಬೇಕಾಗುತ್ತದೆ.

ಮೊದಲು ಹೊಳೆದ ಪದ ‘ಸ್ತಂಭನ’. ಆದರೆ ಸ್ತಂಭಿಸುವುದೆಂದರೆ ಇದ್ದಲ್ಲೇ ನಿಲ್ಲುವುದು. ಮಳೆಗಾಲದಲ್ಲಿ ಬರೆ ಕುಸಿದು ಸಂಚಾರ ಸ್ತಂಭಿಸುವುದು ನಮಗೆ ಗೊತ್ತು. ವಿಮಾನ ಹಾಗೆ ನಿಲ್ಲುವುದಿಲ್ಲ. ನನ್ನ ಮನಸ್ಸು ‘ರೆಕ್ಕೆ ಸೋಲು’ ಎಂಬುದರ ಕಡೆಗಿದೆ. ಕಾಲು ಸೋತಿತು, ಕೈ ಸೋತಿತು ಅನ್ನುತ್ತೇವಲ್ಲ, ಅಂಗ ಹೊರೆ ಹೊರಲಾರದೆ ಹೋಗುವುದು. ಸೋತ ಕಾಲು ಭಾರ ಇಳಿಸಿದರೆ ಚೇತರಿಸಿಕೊಳ್ಳುತ್ತದೆ. ಮೂತಿಯನ್ನು ತಗ್ಗಿಸಿದರೆ ಸೋತ ರೆಕ್ಕೆಗೂ ಗಾಳಿಯ ಹಿಡಿತ ಮರಳುತ್ತದೆ, ಅದಕ್ಕೆ ಬೇಕಾದಷ್ಟು ಎತ್ತರ ಕೆಳಗಿದ್ದರೆ.

ಸ್ಟಾಲ್ ಆದ ವಿಮಾನ ಸುತ್ತುತ್ತ ಬೀಳುವ ‘ಸ್ಪಿನ್‌’ಗೆ ‘ಗಿರಕಿ’ ಸಾಕು, ಹೊಸ ಪದ ಬೇಡ. ‘ಸುರುಳಿ’ ಎಂದು ಮಾತ್ರ ಬರೆಯಬಾರದು. ಗಿರಕಿಯಲ್ಲಿ ಎರಡೂ ರೆಕ್ಕೆ ಸೋತಿರುತ್ತವೆ, ಒಂದು ಹೆಚ್ಚು, ಒಂದು ಕಡಿಮೆ. ಸುರುಳಿಯಾಗಿ ಇಳಿಯುವಾಗ ರೆಕ್ಕೆ ಸೋತಿರುವುದಿಲ್ಲ, ವೇಗ ಏರುತ್ತಲೇ ಇರುತ್ತದೆ. ಎರಡರಿಂದ ಹೊರಬರುವ ಕ್ರಮವೂ ಬೇರೆ.

ಇಂಗ್ಲಿಷಿನ ‘ಹೋಂಬಿಲ್ಟ್’ ಎಂಬುದಕ್ಕೆ ‘ಮನೆಯಲ್ಲಿ ತಯಾರಿಸಿದ ವಿಮಾನ’ ಎಂಬ ಅನುವಾದವನ್ನೂ ಕೈಬಿಟ್ಟೆ. ಮಡಿಕೇರಿಯಲ್ಲಿ ‘ಹೋಂ ಮೇಡ್’ ಎಂಬ ಬೋರ್ಡು ಚಾಕೊಲೇಟಿಗೆ, ವೈನಿಗೆ. ಇದು ಆ ಬಗೆಯ ವಸ್ತುವಲ್ಲ. ಅಮೆರಿಕದ ನಿಯಮದಂತೆ ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹವ್ಯಾಸಿಗಳು ಕಲಿಯಲಿಕ್ಕೋ ಸಂತೋಷಕ್ಕೋ ತಾವೇ ಮಾಡಿರಬೇಕು. ಮನೆ ಕಟ್ಟಿದ ಹಾಗೆ, ದೋಣಿ ಕಟ್ಟಿದ ಹಾಗೆ ವಿಮಾನವನ್ನೂ ‘ಕಟ್ಟಿದರು’ ಅನ್ನುವುದೇ ಸರಿ. ಕರ್ಟಿಸ್ ಪಿಟ್ಸ್ 1940ರ ದಶಕದಲ್ಲಿ ರೂಪಿಸಿದ ಪಿಟ್ಸ್ ಸ್ಪೆಷಲ್ ಎಂಬ ಜೋಡಿರೆಕ್ಕೆಯ ವಿಮಾನವನ್ನು ನಕಾಶೆ ನೋಡಿ ಹೀಗೆ ಕಟ್ಟಿಕೊಂಡವರು ಬಹಳ. 1980ರ ಜೂನ್ 23ರಂದು ದೆಹಲಿಯಲ್ಲಿ ಸಂಜಯ್ ಗಾಂಧಿ ತೀರಿಕೊಂಡದ್ದೂ ಪಿಟ್ಸ್ ವಿಮಾನದಲ್ಲೇ, ಆದರೆ ಅದು ಕಾರ್ಖಾನೆಯಲ್ಲಿ ತಯಾರಾದ ಎಸ್-2ಎ.

ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡುತ್ತಿದೆ. ‘ಲಾಗ ಹಾಕಲು ಹೋಗಿ ಪ್ರಾಣ ಕಳೆದುಕೊಂಡ’ ಎಂದು ಎಷ್ಟು ಸಲೀಸಾಗಿ ಬರೆಯುತ್ತೇವೆ! ಆ ‘ಹೋಗಿ’ಯಲ್ಲಿ ತನಿಖೆಗೂ ಮೊದಲೇ ತಪ್ಪು ಸತ್ತವರ ತಲೆಗೆ ಕಟ್ಟಿದಂತಾಗುತ್ತದೆ. ‘ಲಾಗ ಹಾಕುತ್ತಿದ್ದಾಗ’ ಎಂದರೆ ನಡೆದದ್ದಷ್ಟೇ ಉಳಿಯುತ್ತದೆ. ಆ ಸಾಲನ್ನು ಅವರ ಮನೆಯವರೂ ಓದಬಹುದು. ನನ್ನ ಬರಹದಲ್ಲಿ ಮೂರು ಕಡೆ ಇದನ್ನು ತಿದ್ದಿದ್ದೇನೆ.

‘ರೆಕ್ಕೆ ಸೋಲು’ ಎಂದಾಗ ರೆಕ್ಕೆ ಮುರಿಯಿತು ಎಂದು ಯಾರಾದರೂ ತಿಳಿದಾರೇ? ಅರೆಭಾಷೆ, ತುಳು, ಕರಾವಳಿ ಕನ್ನಡ ಆಡುವವರಲ್ಲಿ ಹಕ್ಕಿಯೋ ಗಾಳಿಪಟವೋ ಗಾಳಿಯ ಹಿಡಿತ ತಪ್ಪಿ ಕುಸಿಯುವುದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.