ಹಸಿರು ಚಾವಣಿ ಎಂಥ ಮಳೆಯನ್ನು ತಡೆದೀತು?

ಪ್ರಶ್ನೆ

ನಮ್ಮ ಮನೆ ಬೆಂಗಳೂರಿನ ತಗ್ಗು ಬಡಾವಣೆಯೊಂದರಲ್ಲಿದೆ. ಜೋರು ಮಳೆ ಬಂದರೆ ಸುತ್ತಲಿನ ತಾರಸಿಗಳ ನೀರೆಲ್ಲ ಒಮ್ಮೆಗೇ ಚರಂಡಿಗೆ ಧುಮುಕಿ ರಸ್ತೆ ತುಂಬುತ್ತದೆ. ನಮ್ಮ 100 ಚದರ ಮೀಟರ್ ತಾರಸಿಯ ಮೇಲೆ 10 ಸೆಂ.ಮೀ. ಮಣ್ಣು ಹರಡಿ ಗಿಡ ಬೆಳೆಸುವ ಯೋಚನೆಯಿದೆ. ಜರ್ಮನಿಯಲ್ಲಿ ಇಂಥ ಚಾವಣಿಗಳು ವರ್ಷದ ಮಳೆಯಲ್ಲಿ ಸುಮಾರು ಅರ್ಧದಷ್ಟನ್ನು ಹಿಡಿದಿಡುತ್ತವೆ ಎಂದು ಓದಿದೆ. ನಮ್ಮ ಹವೆಯಲ್ಲೂ ಅಷ್ಟೇ ಫಲ ಸಿಕ್ಕೀತೇ?

ಉತ್ತರ, ಸ್ಟುಟ್‌ಗಾರ್ಟ್‌ನಿಂದ

ಆ ಅರ್ಧದ ಲೆಕ್ಕ ಇಲ್ಲಿನ ಮಳೆಯ ಗುಣದಿಂದ ಬಂದದ್ದು. ಇಲ್ಲಿ ವರ್ಷಕ್ಕೆ 700 ಮಿ.ಮೀ. ಆಸುಪಾಸಿನ ಮಳೆ ಹನ್ನೆರಡು ತಿಂಗಳಿಗೂ ಹಂಚಿಕೊಂಡು ಸಣ್ಣಸಣ್ಣದಾಗಿ ಬೀಳುತ್ತದೆ. ಬೇಸಿಗೆಯಲ್ಲಿ ಒಂದು ಮಳೆಗೂ ಇನ್ನೊಂದಕ್ಕೂ ನಡುವೆ ಮಣ್ಣು ಒಣಗಿ ಮತ್ತೆ ಜಾಗ ಮಾಡಿಕೊಳ್ಳುತ್ತದೆ. ಆದರೆ ಚಳಿಗಾಲದಲ್ಲಿ ತೇವ ಆರುವುದೇ ಇಲ್ಲವಾದ್ದರಿಂದ ಬಿದ್ದದ್ದರಲ್ಲಿ ಬಹುಪಾಲು ಕೊಳವೆಯಲ್ಲಿ ಇಳಿದುಹೋಗುತ್ತದೆ.

ಉತ್ತರ, ಮಂಗಳೂರಿನಿಂದ

ನಮ್ಮಲ್ಲಿ ಆರಿದ್ರಾದಿಂದ ಆಶ್ಲೇಷದವರೆಗೆ ಅದೇ ಪಾಡು, ಚಳಿಯೊಂದಿಲ್ಲ ಅಷ್ಟೆ. ತಾರಸಿಯಲ್ಲಿ ಮಣ್ಣು ತುಂಬಿದ ತಟ್ಟೆಯೊಂದನ್ನಿಟ್ಟು ಆಗಾಗ ತಕ್ಕಡಿಗೇರಿಸುತ್ತಿದ್ದೆ. ಏಪ್ರಿಲ್‌ನಲ್ಲಿ ನೀರುಣಿಸಿದ ಎರಡೇ ದಿನಕ್ಕೆ ಹಗುರಾಗುತ್ತಿದ್ದ ತಟ್ಟೆ, ಜುಲೈನಲ್ಲಿ ಸೂರಿನಡಿ ಇಟ್ಟರೂ ವಾರದುದ್ದಕ್ಕೂ ಭಾರವಾಗಿಯೇ ಇತ್ತು. ಬೆರಳೂರಿದರೆ ಕೆಸರು ಅಂಟುತ್ತಿತ್ತು. ಹಾಗೆ ತುಂಬಿ ಕೂತ ಮಣ್ಣು ಹೊಸ ಮಳೆಯನ್ನು ಕೆಲ ನಿಮಿಷ ತಡಮಾಡಿ ಬಿಡಬಲ್ಲದೇ ಹೊರತು ಇಟ್ಟುಕೊಳ್ಳಲಾರದು.

ಉತ್ತರ, ಬೆಂಗಳೂರಿನಿಂದ

ಬೆಂಗಳೂರಿನ ಹವೆ ಈ ಎರಡರ ನಡುವಿನದು. ಏಪ್ರಿಲ್-ಮೇ ತಿಂಗಳ ಸಂಜೆ ಮಳೆಗೆ ನಿಮ್ಮ ಚಾವಣಿ ಚೆನ್ನಾಗಿಯೇ ಒದಗುತ್ತದೆ, ಏಕೆಂದರೆ ಮರುದಿನದ ಬಿಸಿಲು ಮಣ್ಣನ್ನು ಒಣಗಿಸತೊಡಗುತ್ತದೆ. ಸೆಪ್ಟೆಂಬರ್-ಅಕ್ಟೋಬರ್ ಮಾತು ಬೇರೆ. ಒಣಗಿದ 10 ಸೆಂ.ಮೀ. ಮಣ್ಣು ಸುಮಾರು 30 ಮಿ.ಮೀ. ಮಳೆ ಹೀರಿತೆಂದು ಇಟ್ಟುಕೊಳ್ಳಿ. ನಿಮ್ಮ ತಾರಸಿಯಲ್ಲಿ ಅದು 3,000 ಲೀಟರ್. 2022ರ ಸೆಪ್ಟೆಂಬರ್ 5ರ ಬೆಳಗಿಗೆ ಮುಗಿದ 24 ಗಂಟೆಗಳಲ್ಲಿ ನಗರದಲ್ಲಿ 131.6 ಮಿ.ಮೀ. ಸುರಿದಿತ್ತು, ಅಂದರೆ ಅಷ್ಟೇ ತಾರಸಿಗೆ 13,000 ಲೀಟರಿಗೂ ಹೆಚ್ಚು. ಅದಕ್ಕೆ ಮುಂಚಿನ ವಾರವೂ ಮಳೆ ಹಿಡಿದಿದ್ದರಿಂದ ಆ 3,000 ಲೀಟರಿನ ಜಾಗವೂ ಪೂರ್ತಿ ಖಾಲಿ ಇರುತ್ತಿರಲಿಲ್ಲ.

ಗಿಡದ ಆಯ್ಕೆಯನ್ನೂ ಹವೆ ನೋಡಿಯೇ ಮಾಡಬೇಕು. ವಿದೇಶದಲ್ಲಿ ಮೆಚ್ಚಿಕೊಂಡಿರುವ ಸೆಡಮ್‌ನಂಥ ರಸಭರಿತ ಸಸ್ಯಗಳು ಬರದಲ್ಲಿ ಪತ್ರರಂಧ್ರಗಳನ್ನು ರಾತ್ರಿ ಮಾತ್ರ ತೆರೆದು ನೀರು ಉಳಿಸುತ್ತವೆ. ಜನವರಿಯಿಂದ ಮಾರ್ಚ್‌ವರೆಗಿನ ಒಣಹವೆಯನ್ನು ದಾಟಲು ಅದು ವರವೇ ಸರಿ, ಆದರೆ ಮಣ್ಣನ್ನು ಬೇಗ ಬರಿದುಮಾಡುವ ಕೆಲಸದಲ್ಲಿ ಹುಲ್ಲು ಮುಂದು. ನಾನಾದರೆ ಎರಡನ್ನೂ ಬೆರೆಸಿ ನೆಟ್ಟು, ಉಳಿದ ನೀರನ್ನು ಇಂಗುಬಾವಿಗೆ ಹರಿಸುತ್ತೇನೆ. ಬರಿಯ ಕೆಂಪು ಮಣ್ಣು ನೆನೆದಾಗ ಚದರ ಮೀಟರಿಗೆ 180 ಕಿಲೋ ಮೀರಬಹುದು, ಹಾಗಾಗಿ ಕಟ್ಟಡದ ಎಂಜಿನಿಯರ್ ಒಪ್ಪದೆ ಒಂದು ಬುಟ್ಟಿ ಮಣ್ಣನ್ನೂ ಮೇಲೇರಿಸಬೇಡಿ.

ಪ್ರಶ್ನೆ ಕೇಳಿದವರು

ಇಂಗುಬಾವಿಯ ವಿಚಾರ ನಮಗೆ ಹೊಳೆದಿರಲಿಲ್ಲ. ಈಗ ಬಾವಿಯನ್ನು ಮೊದಲು ತೋಡಿಸಿ, ಎಂಜಿನಿಯರ್ ಒಪ್ಪಿದರೆ ಅರ್ಧ ತಾರಸಿಗೆ ಮಾತ್ರ ಮಣ್ಣು ಹಾಕುತ್ತೇವೆ. ತಕ್ಕಡಿಯ ಪ್ರಯೋಗವನ್ನು ನಾಳೆಯಿಂದಲೇ ಆರಂಭಿಸುತ್ತೇನೆ.