ಪಂಪ್‌ಸೆಟ್ ಕರೆಂಟಿಗೆ ದರ ಹಾಕಿದರೆ ಅಂತರ್ಜಲ ಉಳಿಯುತ್ತದಾ?

ಬಯಲುಸೀಮೆ: ರಾಜ್ಯದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಕೋಲಾರದ ಕಡೆ ಎಷ್ಟೋ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಮೀಟರ್ ಹಾಕಿ ದುಡ್ಡು ವಸೂಲಿ ಮಾಡಿ ಅನ್ನುವವರಿದ್ದಾರೆ, ಹನಿ ನೀರಾವರಿ ಸಬ್ಸಿಡಿಯೇ ಸಾಕು ಅನ್ನುವವರೂ ಇದ್ದಾರೆ. ಅರ್ಥಶಾಸ್ತ್ರ ಏನನ್ನುತ್ತೆ?

ಲೆಕ್ಕಿಗ: ಸಾವಿರ ಲೀಟರ್ ನೀರನ್ನು 200 ಮೀಟರ್ ಮೇಲೆತ್ತಲು ಕನಿಷ್ಠ 0.55 ಯೂನಿಟ್ ಬೇಕು. ಪಂಪು, ಮೋಟರ್ ಸೇರಿ ಶೇ 40 ದಕ್ಷತೆ ಹಿಡಿದರೆ ಸುಮಾರು 1.4 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂದುಕೊಳ್ಳಿ, ಹತ್ತಿರಹತ್ತಿರ 10 ರೂಪಾಯಿ ಆಯ್ತು. ರೈತನ ಜೇಬಿಗೆ ಇದು ಸೊನ್ನೆ. ಹಾಗಾಗಿ ಕೊನೆಯ ಸಾವಿರ ಲೀಟರಿನಿಂದ 2 ರೂಪಾಯಿಯ ಬೆಳೆ ಹೆಚ್ಚಿದರೂ ಮೋಟರ್ ಓಡುತ್ತದೆ. ಕರೆಂಟ್ ಬಂದೊಡನೆ ಮೋಟರ್ ತಾನೇ ಓಡುವಂತೆ ಆಟೋ ಸ್ಟಾರ್ಟರ್ ಹಾಕಿ ಬಿಡುವುದು ಸೋಮಾರಿತನವಲ್ಲ, ಆ ಬೆಲೆಗೆ ತಕ್ಕ ನಡೆ.

ಆದರೆ ಆ 10 ರೂಪಾಯಿ ಕರೆಂಟಿನದ್ದು ಮಾತ್ರ. ಪಕ್ಕದ ಹೊಲದ ಬೋರು ಬತ್ತಿ, ಅವರು ಮತ್ತೆ ಕೊರೆಸುವ ಖರ್ಚು ಅದರಲ್ಲಿ ಬರಲಿಲ್ಲ. ಗಟ್ಟಿ ಕಲ್ಲಿನ ಸೀಮೆಯಲ್ಲಿ ನೀರಿರುವುದೇ ಬಿರುಕುಗಳಲ್ಲಿ, ಒಂದೇ ಬಿರುಕಿಗೆ ಎರಡು ಬೋರು ಬಿದ್ದರೆ ಒಬ್ಬರು ಎಳೆದಷ್ಟು ಇನ್ನೊಬ್ಬರಿಗೆ ಖೋತಾ.

ಹನಿ ನೀರಾವರಿಯೊಂದನ್ನೇ ನಂಬಬೇಡಿ. ಎತ್ತುವುದಕ್ಕೆ ಮಿತಿ ಇಲ್ಲದಿದ್ದರೆ ಉಳಿದ ನೀರಿಗೆ ಇನ್ನೊಂದು ಎಕರೆಗೆ ಪೈಪ್ ಎಳೆಯುತ್ತಾರೆ. ಮೊದಲು ಇಂಗಿ ಕೆಳಗಿಳಿಯುತ್ತಿದ್ದದ್ದೂ ಬೆಳೆಗೇ ಹೋಗುತ್ತದೆ.

ಫೀಡರ್: ದರ ಹಾಕುವ ಧೈರ್ಯ ಯಾವ ಸರ್ಕಾರಕ್ಕಿದೆ ಸರ್? ಪಂಜಾಬ್ 2018ರಲ್ಲಿ ಬೇರೆ ದಾರಿ ಹಿಡಿಯಿತು: ಪಂಪಿಗೊಂದು ಕೋಟಾ, ಅದರಲ್ಲಿ ಉಳಿಸಿದ ಪ್ರತಿ ಯೂನಿಟ್‌ಗೆ ರೈತನ ಖಾತೆಗೆ 4 ರೂಪಾಯಿ. ಕೋಟಾ 600 ಯೂನಿಟ್, ಬಳಸಿದ್ದು 450 ಯೂನಿಟ್ ಆದರೆ 600 ರೂಪಾಯಿ ಕೈಗೆ. ಕರೆಂಟ್ ಉಚಿತವಾಗಿಯೇ ಇರುತ್ತದೆ, ಆದರೂ ಪೋಲು ಮಾಡಿದ ಯೂನಿಟ್‌ಗೆ ನಷ್ಟ ಕಾಣುತ್ತದೆ.

ಎಡವುವುದು ಕೋಟಾದಲ್ಲಿ. ಧಾರಾಳವಾಗಿಟ್ಟರೆ ಏನೂ ಉಳಿಸದವನಿಗೂ ದುಡ್ಡು, ಬಿಗಿಯಾಗಿಟ್ಟರೆ ಯಾರೂ ಸೇರುವುದಿಲ್ಲ. ಇನ್ನೊಂದು: ಮೇಲಿನ ಲೆಕ್ಕದಲ್ಲಿ ಸಾವಿರ ಲೀಟರ್ ಉಳಿಸಿದರೆ ಸಿಗುವುದು 5.60 ರೂಪಾಯಿ. ಟ್ಯಾಂಕರ್‌ನವರು ಅದಕ್ಕಿಂತ ಹೆಚ್ಚು ಕೊಡುವ ಊರಲ್ಲಿ ಈ ಯೋಜನೆ ನಿಲ್ಲದು.

ಬಯಲುಸೀಮೆ: ಊರವರೇ ಕೂತು ಒಪ್ಪಂದ ಮಾಡಿಕೊಂಡರೆ?

ಲೆಕ್ಕಿಗ: ಆಗುತ್ತದೆ. ಎಲಿನಾರ್ ಆಸ್ಟ್ರಮ್ ಅವರಿಗೆ 2009ರ ಅರ್ಥಶಾಸ್ತ್ರದ ನೊಬೆಲ್ ಬಂದದ್ದೇ ಇಂಥ, ಎಲ್ಲರೂ ಹಂಚಿಕೊಂಡು ಬಳಸುವ ಸಂಪತ್ತಿನ ಅಧ್ಯಯನಕ್ಕೆ. ಕೆರೆಯಾದರೆ ಯಾರು ಎಷ್ಟು ತೆಗೆದರು ಅನ್ನುವುದು ಕಣ್ಣಿಗೆ ಕಾಣುತ್ತದೆ, ಅಂತರ್ಜಲ ಕಾಣುವುದಿಲ್ಲ, ಕಷ್ಟ ಇರುವುದು ಅಲ್ಲೇ. ಆಂಧ್ರದಲ್ಲಿ ರೈತರೇ ಮಳೆಮಾಪಕ ಇಟ್ಟು, ಬೋರಿನ ನೀರಿನ ಮಟ್ಟ ಅಳೆದು, ಹಿಂಗಾರಿಗೆ ಮುಂಚೆ ಊರಿನ ನೀರಿನ ಬಜೆಟ್, ಅಂದರೆ ಇರುವ ನೀರೆಷ್ಟು, ಬೆಳೆಗೆ ಬೇಕಾದದ್ದೆಷ್ಟು ಅನ್ನುವ ಲೆಕ್ಕ, ಹಾಕಿದ್ದುಂಟು. ಶುರು ಮಾಡುವುದಾದರೆ ಬಿತ್ತನೆಗೆ ಮೊದಲೇ ಮಾಡಿ, ಬೆಳೆ ನಿಂತ ಮೇಲೆ ಬಜೆಟ್ ಹಾಕಿದರೆ ಯಾರೂ ಮೋಟರ್ ಆಫ್ ಮಾಡುವುದಿಲ್ಲ.